ನಡುವಿನ ಮನೆಯ ಎರಡು ಒಲೆಗಳು

ಹೋದ ತಿಂಗಳು ನಂಜನಗೂಡಿನ ಬಸ್ಸು ಕಡಕೊಳದಲ್ಲಿ ನಿಂತಾಗ ಒಬ್ಬಾಕೆ ಹಿಪ್ಪುನೇರಳೆ ಸೊಪ್ಪಿನ ಗಂಟೊಂದನ್ನು ತಂದು ನನ್ನ ಸೀಟಿನ ಪಕ್ಕ ಇಳಿಸಿ, "ಒಸಿ ಕಾಲು ಅತ್ತ ಮಡೀಕಳಿ ಸಾ" ಅಂದಳು. ಆಗ ತಾನೇ ಕೊಯ್ದ ಸೊಪ್ಪು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಹೋಗಬೇಕಿದ್ದ ಮದುವೆಮನೆ ಮರೆತುಹೋಯಿತು. ಬಸ್ಸು ಹೊರಡುವ ಮುನ್ನ ಇಳಿದುಬಿಟ್ಟೆ. ಅಲ್ಲಿಂದ ಒಳಗೆ ಒಂದು ಹಳ್ಳಿಗೆ ಕಾಲುದಾರಿಯಿತ್ತು. ಅದೀಗ ಡಾಂಬರು ರಸ್ತೆ. ಇಕ್ಕೆಲದಲ್ಲೂ ಕಾಂಪೌಂಡು, ಒಳಗೆ ಸೈಟಿನ ಕಲ್ಲುಗಳು. ನಾನು ಹುಡುಕುತ್ತಿದ್ದ ಮನೆ ಯಾವ ಬೀದಿಯಲ್ಲಿತ್ತು ಎಂಬುದೇ ತಿಳಿಯಲಿಲ್ಲ. ಟೀ ಅಂಗಡಿಯವನನ್ನು ಚಿಕ್ಕೇಗೌಡರ ಮನೆ ಎಲ್ಲಿ ಎಂದು ಕೇಳಿದರೆ, "ಯಾವ ಚಿಕ್ಕೇಗೌಡ್ರು? ಈ ಊರಲ್ಲಿ ಕಲ್ಲು ಎಸೆದ್ರೆ ಚಿಕ್ಕೇಗೌಡ್ರ ಮೇಲೇ ಬೀಳ್ತದೆ" ಎಂದು ನಕ್ಕ. ರೇಷ್ಮೆಹುಳು ಸಾಕುತ್ತಿದ್ದ ಸಾಕಮ್ಮನವರ ಮನೆ ಅಂದೆ. ಅವನು ಊರಿಗೆ ಹೊಸಬ, ಗೊತ್ತಿರಲಿಲ್ಲ. ಒಂದು ಟೀ ಕುಡಿದು ಮೈಸೂರಿನ ಬಸ್ಸು ಹತ್ತಿದೆ. ದಟ್ಟಗಳ್ಳಿಯ ನನ್ನ ಮನೆಯ ಬೀಗ ತೆಗೆದು, ಚಪ್ಪಲಿ ಬಿಟ್ಟು ಕೂತರೆ, ಆ ವರ್ಷದ ಮಳೆ, ಆ ಮನೆ, ಆ ಇಬ್ಬರು ಎಲ್ಲ ನೆನಪಾಗತೊಡಗಿತು.

ಆಗ ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಕುಕ್ಕರಹಳ್ಳಿ ಕೆರೆಯ ಹಿಂದೆ ಒಂದು ಹಳೆಯ ಬಾಡಿಗೆ ಮನೆಯಲ್ಲಿ ನಮ್ಮ ಆಫೀಸು. ಹಳ್ಳಿಗಳ ಮನೆಗಳ ವರಮಾನ ವರ್ಷಗಳು ಕಳೆದಂತೆ ಏರಿದೆಯೋ ಇಳಿದಿದೆಯೋ ಎಂದು ತಾಲ್ಲೂಕಿಗೆ ತಾಲ್ಲೂಕೇ ಅಂದಾಜು ಮಾಡುವುದು ನಮ್ಮ ಕೆಲಸ. ಕೆಲವು ವರ್ಷ ಹಿಂದೆ ಬೇರೆ ಯಾರೋ ಒಂದು ಸುತ್ತು ಮುಗಿಸಿದ್ದರು. ಈಗ ಅದೇ ಮನೆಗಳಿಗೆ ನಾವು ಮತ್ತೆ ಹೋಗಬೇಕು. ಅದೂ ಮುಂಗಾರಿನಿಂದ ಸುಗ್ಗಿಯವರೆಗೆ, ತಿಂಗಳಿಗೊಮ್ಮೆ. ಸಂಬಳದವರನ್ನು ಬಿಟ್ಟರೆ, ವರ್ಷಕ್ಕೆ ಎಷ್ಟು ಬಂತು ಎಂದು ಒಂದೇ ಏಟಿಗೆ ಹೇಳಲು ಯಾರಿಂದಲೂ ಆಗುವುದಿಲ್ಲ. ರಾಗಿ ಒಂದು ಕಾಲಕ್ಕೆ ಬರುತ್ತದೆ, ಹಾಲು ದಿನಾ ಬರುತ್ತದೆ, ಕೂಲಿ ಮಳೆ ನೋಡಿಕೊಂಡು ಬರುತ್ತದೆ.

ಆಫೀಸಿಗೆ ಶಶಿಕಲಾ ಮೇಡಂ ಮುಖ್ಯಸ್ಥೆ. ಕಾಲೇಜಿನಲ್ಲಿ ಬಹಳ ಕಾಲ ಗಣಿತ ಹೇಳಿಕೊಟ್ಟು ಬಂದವರು, ಈಗಲೂ ಕೈಯಲ್ಲಿ ಸೀಮೆಸುಣ್ಣ ಹಿಡಿದವರ ಹಾಗೆಯೇ ಬೆರಳು ಮಡಚಿಕೊಂಡು ಮಾತಾಡುತ್ತಿದ್ದರು. "ಸರಾಸರಿ ಅಂತ ನನ್ನ ಮುಂದೆ ತರಬೇಡಿ ಕಣ್ರೀ" ಅನ್ನುತ್ತಿದ್ದರು. "ಒಬ್ಬ ರೈಸ್‌ಮಿಲ್ ಸಾಹುಕಾರ ಪಟ್ಟೀಲಿ ಸೇರ್ಕೊಂಡ್ರೆ ಊರಿಗೂರೇ ಶ್ರೀಮಂತ ಆಗಿಬಿಡುತ್ತೆ. ಎಲ್ಲಾ ಮನೆಗಳನ್ನೂ ಕಡಿಮೆಯಿಂದ ಜಾಸ್ತಿಗೆ ಸಾಲಾಗಿ ನಿಲ್ಲಿಸಿ. ಸರಿಯಾಗಿ ಮಧ್ಯದಲ್ಲಿ ಯಾರು ನಿಂತಿರ್ತಾರೋ ಅವರ ವರಮಾನ ಹೇಳಿ, ಸಾಕು." ಪುಸ್ತಕದಲ್ಲಿ ಅದಕ್ಕೆ ಮಧ್ಯಾಂಕ ಎಂದು ಹೆಸರು, ಆಫೀಸಿನಲ್ಲಿ ಎಲ್ಲರೂ ಮೀಡಿಯನ್ ಅನ್ನುತ್ತಿದ್ದರು. ನಾನು ಮನಸ್ಸಿನಲ್ಲೇ ಅದನ್ನು ನಡುವಿನ ಮನೆ ಎಂದು ಕರೆದುಕೊಂಡೆ. ಹಿಂದಿನ ಸುತ್ತಿನಲ್ಲಿ ಹಾಗೆ ಸಾಲಾಗಿ ನಿಲ್ಲಿಸಿದಾಗ ನಟ್ಟನಡುವೆ ಸಿಕ್ಕಿದ್ದು ಕಡಕೊಳದ ಹತ್ತಿರದ ಚಿಕ್ಕೇಗೌಡರ ಮನೆ. ಆ ಊರು ನನ್ನ ಪಾಲಿಗೆ ಬಂತು.

ಇನ್ನೊಂದು ನಿಯಮವಿತ್ತು. ಮನೆ ಅಂದರೆ ಗೋಡೆಯಲ್ಲ, ಸೂರಲ್ಲ. ಒಂದೇ ಒಲೆಯಲ್ಲಿ ಬೆಂದದ್ದನ್ನು ಉಣ್ಣುವವರೆಲ್ಲ ಸೇರಿ ಒಂದು ಮನೆ. ಅಣ್ಣತಮ್ಮಂದಿರು ಒಂದೇ ಸೂರಿನಡಿ ಎರಡು ಒಲೆ ಹೂಡಿದ್ದರೆ ಎರಡು ಮನೆ. ಹಾಸ್ಟೆಲು, ಮಠ, ಮೆಸ್ಸುಗಳಲ್ಲಿ ಉಣ್ಣುವವರನ್ನು ಮನೆಯೆಂದು ಎಣಿಸಕೂಡದು.

ಇದನ್ನು ಓದಿ ಮೊದಲು ನಗು ಬಂತು, ಆಮೇಲೆ ಬೇಜಾರಾಯಿತು. ಅಮ್ಮ ಹೋದ ಮೇಲೆ ಅಪ್ಪ ನನ್ನನ್ನು ಮಠದ ಹಾಸ್ಟೆಲಿಗೆ ತಂದು ಬಿಟ್ಟಿದ್ದರು. ಅಪ್ಪ ಇನ್ನೊಂದು ಸಂಸಾರ ಮಾಡಿಕೊಂಡರು, ನಾನು ಪಂಕ್ತಿಯಲ್ಲಿ ಕೂತು ಉಂಡು ದೊಡ್ಡವನಾದೆ. ಮಠದವರು ಹೊಟ್ಟೆಗೆ ಎಂದೂ ಕಡಿಮೆ ಮಾಡಲಿಲ್ಲ, ಆ ಋಣ ದೊಡ್ಡದು. ಆದರೆ ಅಷ್ಟು ಜನರ ನಡುವೆ ಇವನಿಗೆ ಹುಳಿ ಸೇರುತ್ತದೆ, ಇವನಿಗೆ ಸೇರುವುದಿಲ್ಲ ಎಂದು ಯಾರು ನೆನಪಿಟ್ಟುಕೊಳ್ಳಬೇಕು? ಕೆಲಸ ಸಿಕ್ಕಿದ ಮೇಲೆ ಕುಂಬಾರಕೊಪ್ಪಲಿನಲ್ಲಿ ಮಹಡಿಯ ಮೇಲೊಂದು ರೂಮು ಹಿಡಿದೆ. ಒಲೆ ಹಚ್ಚಕೂಡದು, ಗೋಡೆ ಮಸಿಯಾಗುತ್ತದೆ ಎಂಬುದು ಮಾಲೀಕರ ಷರತ್ತು. ಹೀಗಾಗಿ ಎರಡು ಹೊತ್ತೂ ಮೆಸ್ಸು. ಭಾನುವಾರ ಸಂಜೆ ಮೆಸ್ಸಿಗೆ ರಜೆ, ಬಾಳೆಹಣ್ಣು, ಬನ್ನು. ಊರವರ ಒಲೆ ಎಣಿಸಲು ಹೊರಟವನಿಗೆ ಯಾವ ಒಲೆಯ ಲೆಕ್ಕದಲ್ಲೂ ಜಾಗವಿರಲಿಲ್ಲ.

ಚಿಕ್ಕೇಗೌಡರ ಮನೆಗೆ ಮೊದಲು ಹೋದ ದಿನ ಜಿಟಿಜಿಟಿ ಮಳೆ. ಐವತ್ತು ದಾಟಿದ ಗೌಡರು ಜಗುಲಿಯ ಮೇಲೆ ಚಾಪೆ ಹಾಸಿ, ಕೇಳಿದ್ದಕ್ಕೆಲ್ಲ ಖುಷಿಯಿಂದ ಉತ್ತರ ಕೊಟ್ಟರು. ಒಬ್ಬಳೇ ಮಗಳು, ಹುಣಸೂರಿನ ಕಡೆ ಕೊಟ್ಟಾಗಿದೆ. ಮೊದಲು ರೇಷ್ಮೆಯಿತ್ತು, ಈಗ ಕಡಕೊಳದ ಒಂದು ಕಾರ್ಖಾನೆಯ ಗೇಟಿನಲ್ಲಿ ಕಾವಲು ಕೆಲಸ, ತಿಂಗಳ ಸಂಬಳ. ಮನೆಯಲ್ಲಿ ಇರುವವರು ಗಂಡ ಹೆಂಡತಿ ಇಬ್ಬರೇ. ಒಲೆ ಎಷ್ಟು ಎಂದು ಕೇಳುವುದು ದಡ್ಡತನವೆನಿಸಿ ಒಂದು ಎಂದು ಬರೆದುಕೊಂಡೆ. ಬರೆದು ಮುಗಿಸಿ, "ಕುಡಿಯೋಕೆ ಒಂದು ಲೋಟ ನೀರು ಸಿಗುತ್ತಾ ಗೌಡ್ರೇ?" ಅಂದೆ.

ಎರಡು ಲೋಟ ನೀರು ಬಂತು. ಗೌಡರು ಎದ್ದು ಪಡಸಾಲೆಯ ಬಾಗಿಲ ಸಂದಿನಲ್ಲಿದ್ದ ಬಿಂದಿಗೆಯಿಂದ ಒಂದು ತಂದರು. ಅದೇ ಹೊತ್ತಿಗೆ ಒಳಗಿನಿಂದ ಅವರ ಹೆಂಡತಿ ಸಾಕಮ್ಮ ಇನ್ನೊಂದು ತಂದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಾನು ಎರಡೂ ಲೋಟ ಇಸಕೊಂಡು ಎರಡನ್ನೂ ಕುಡಿದೆ. ಆಗ ಬಾಗಿಲ ಸಂದಿನಲ್ಲಿ ಬಿಂದಿಗೆಯ ಪಕ್ಕ ಒಂದು ಸೀಮೆಎಣ್ಣೆ ಸ್ಟವ್ವು, ಒಂದು ಪಾತ್ರೆ, ಒಂದು ತಟ್ಟೆ ಕಂಡವು.

"ಗೌಡ್ರೇ, ಮನೇಲಿ ಒಲೆ ಎಷ್ಟು?"

"ಒಂದೇ ಕಣ್ ಸಾ. ಗಂಡ ಎಂಡ್ತಿ ಇಬ್ರಿಗೆ ಎಷ್ಟ್ ಒಲೆ ಬೇಕು?" ಅಂದರು ಗೌಡರು, ಸ್ಟವ್ವಿಗೆ ಅಡ್ಡ ನಿಂತು.

"ಎರಡು ಅಂತ ಬರ್ಕಳಿ" ಎಂದು ಸಾಕಮ್ಮ ಒಳಗಿನಿಂದ ಹೇಳಿದರು.

ಗೌಡರು ಬಸ್‌ಸ್ಟಾಪಿನವರೆಗೆ ಕೊಡೆ ಹಿಡಿದುಕೊಂಡು ಬಂದರು. ದಾರಿಯಲ್ಲಿ ಎಲ್ಲ ಹೇಳಿದರು. ಸಾಕಮ್ಮ ಮದುವೆಯಾಗಿ ಬಂದಾಗಿನಿಂದ ಹುಳು ಸಾಕಿದವರು. ಸೊಪ್ಪು ಕೊಯ್ಯುವುದು, ಹೆಚ್ಚುವುದು, ತಟ್ಟೆ ತಟ್ಟೆಗೂ ಹಾಕುವುದು, ಹುಳು ಹಣ್ಣಾದಾಗ ನಿದ್ದೆಗೆಟ್ಟು ಗೂಡು ಕಟ್ಟಲು ಬಿಡುವುದು. ಬೆನ್ನು ನೋವು, ಕೆಮ್ಮು. ಹಿಂದಿನ ವರ್ಷ ಮಗಳ ಎರಡನೆಯ ಹೆರಿಗೆಗೆಂದು ಅವರು ಹುಣಸೂರಿಗೆ ಹೋಗಿದ್ದಾಗ, ಆಗ ತಾನೇ ಗೇಟಿನ ಕೆಲಸ ಸಿಕ್ಕಿದ್ದ ಗೌಡರು ಟ್ರ್ಯಾಕ್ಟರ್ ತರಿಸಿ ಹಿಪ್ಪುನೇರಳೆ ತೋಟವನ್ನೆಲ್ಲ ಕೀಳಿಸಿ ತೆಂಗಿನ ಸಸಿ ಇಡಿಸಿಬಿಟ್ಟರು.

"ಇನ್ನಾದ್ರೂ ಅವ್ಳಿಗೆ ನೆಮ್ಮದಿ ಸಿಗ್ಲಿ ಅಂತ ಮಾಡ್ದೆ ಸಾ. ಬಂದ್ ನೋಡಿ ಖುಸಿಯಾಗ್ತಾಳೆ ಅನ್ಕೊಂಡಿದ್ದೆ." ಗೌಡರು ಕೊಡೆಯನ್ನು ಇನ್ನೊಂದು ಕೈಗೆ ಬದಲಾಯಿಸಿದರು. "ಬಂದ್ಲು, ತೋಟ ನೋಡುದ್ಲು, ಒಂದ್ ಮಾತಾಡ್ಲಿಲ್ಲ. ಅವತ್ತಿಂದ ನಂಗೆ ಒಂದ್ ತುತ್ತು ಬೇಯಿಸ್ಲಿಲ್ಲ. ಎರಡು ಅಂತ ಬರೀಬ್ಯಾಡಿ ಸಾ. ಸರ್ಕಾರದ ಲೆಕ್ಕದಲ್ಲೂ ಎರಡಾಗ್ಬುಟ್ರೆ ಆಮ್ಯಾಕೆ ಒಂದಾಗಾಕಿಲ್ಲ."

ಇದು ಸರ್ಕಾರದ ಲೆಕ್ಕವಲ್ಲ ಗೌಡ್ರೇ, ಇದರಿಂದ ಯಾರಿಗೂ ಏನೂ ಆಗುವುದಿಲ್ಲ ಅಂದೆ. ಅವರು ನಂಬಲಿಲ್ಲ. ಮನೆ ಎರಡಾಯಿತೇ ಒಂದೇ ಆಗಿದೆಯೇ ಎಂಬ ಅವರ ಬದುಕಿನ ಪ್ರಶ್ನೆಗೆ ನನ್ನ ಪೆನ್ನಿನ ತುದಿಯಲ್ಲಿ ಉತ್ತರವಿದೆ ಎಂದು ಅವರಿಗೆ ಖಾತ್ರಿಯಾಗಿಹೋಗಿತ್ತು.

ಈ ತೊಡಕನ್ನು ಮೇಡಂ ಮುಂದೆ ಇಟ್ಟರೆ ಅವರು ಕನ್ನಡಕದ ಮೇಲಿಂದ ನೋಡಿದರು. "ಹಾಗಾದ್ರೆ ಎರಡು ಮನೆ."

"ಗಂಡ ಹೆಂಡತಿ ಮೇಡಂ."

"ಗಂಡ ಹೆಂಡತಿ ಅನ್ನೋದು ಇನ್ನೊಂದು ಕಾಲಂ ಕಣಪ್ಪ. ನಮಗೆ ಬೇಕಾದ್ದು ಒಲೆ. ನಿನಗೆ ಬೇಜಾರಾಯ್ತು ಅಂತ ಸೇರಿಸಿ ಬರೀಬೇಡ. ಅವರಾಗಿ ಸೇರಿದ್ರೆ ಬರಿ. ತಿಂಗಳು ತಿಂಗಳೂ ಹೋಗ್ತೀಯಲ್ಲ, ಕೇಳು."

ಹಾಗೆ ಆ ಮನೆಗೆ ಎರಡು ಫಾರಂ ಆದವು. ಗೌಡರ ಒಲೆ ಸಂಬಳದಿಂದಾಗಿ ಸಾಲಿನಲ್ಲಿ ನಡುವಿನಿಂದ ಮೇಲಕ್ಕೆ ಹೋಯಿತು. ಬೇರೆಯವರ ಹುಳುಮನೆಗೆ ಕೂಲಿಗೆ ಹೋಗುತ್ತಿದ್ದ ಸಾಕಮ್ಮನ ಒಲೆ ಕೆಳಗೆಲ್ಲೋ ಇಳಿಯಿತು. ನಡುವಿನಲ್ಲಿ ಇನ್ಯಾರೋ ಬಂದು ನಿಂತರು.

ಆಷಾಢದ ಗಾಳಿಯಲ್ಲಿ ಹೋದಾಗ ಗೌಡರು ಕೆಲಸಕ್ಕೆ ಹೋಗಿದ್ದರು. ಸಾಕಮ್ಮ ನನ್ನನ್ನು ಹುಳುಮನೆಗೆ ಕರೆದುಕೊಂಡು ಹೋಗಿ ತೋರಿಸಿದರು. ಖಾಲಿ ಕೋಣೆ. ಬಿದಿರಿನ ತಟ್ಟೆಗಳನ್ನು ತೊಳೆದು ಒರಗಿಸಿಟ್ಟಿದ್ದರು.

"ಹುಳ ಸೊಪ್ಪು ತಿನ್ನೋ ಸದ್ದು ಕೇಳಿದ್ದೀರಾ ಸಾ? ಜೋರು ಮಳೆ ಉಯ್ದಂಗೆ ಇರ್ತದೆ. ಮಗಳು ಗಂಡನ ಮನೆಗೆ ಓದ್ಮೇಲೆ ಆ ಸದ್ದು ಇತ್ತು ಮನೇಲಿ. ಈಗ ಏನೂ ಇಲ್ಲ." ಜಾರಿದ್ದ ಒಂದು ತಟ್ಟೆಯನ್ನು ಸರಿಯಾಗಿ ಒರಗಿಸಿ ಅಂದರು: "ಬೆನ್ನು ನೋವು ಅಂತ ನಾನು ಯೋಳಿದ್ದು ನಿಜ. ಕಿತ್ತಾಕು ಅಂತ ಯೋಳಿದ್ನಾ? ಒಂದ್ ಮಾತು ಕೇಳ್ಬೇಕಿತ್ತೋ ಬ್ಯಾಡ್ವೋ?"

ಕೇಳಬೇಕಿತ್ತು ಅಂದೆ. ನನಗೆ ಅವರ ಸಿಟ್ಟು ಅರ್ಥವಾಯಿತು, ಗೌಡರ ಸಂಕಟವೂ ಅರ್ಥವಾಯಿತು. ಇಬ್ಬರಲ್ಲಿ ಯಾರ ಪರ ನಿಲ್ಲಬೇಕೆಂದು ತಿಳಿಯದೆ ರೂಮಿಗೆ ಬಂದು ಸುಮ್ಮನೆ ಮಲಗಿದೆ.

ಮುಂದಿನ ತಿಂಗಳಿನಿಂದ ಗೌಡರು ನಾನು ಬರುವ ದಿನಕ್ಕೆ ಸರಿಯಾಗಿ ರಜೆ ಹಾಕತೊಡಗಿದರು. ಜಗುಲಿಯ ಒಂದು ತುದಿಯಲ್ಲಿ ಅವರು, ಬಾಗಿಲ ಹೊಸ್ತಿಲಲ್ಲಿ ಸಾಕಮ್ಮ, ನಡುವೆ ನಾನು. ಇಬ್ಬರೂ ಕಾಫಿ ತಂದುಕೊಡುತ್ತಿದ್ದರು, ಎರಡನ್ನೂ ಕುಡಿಯಬೇಕು. ಗೌಡರದು ಸೀಮೆಎಣ್ಣೆ ವಾಸನೆ, ಸಾಕಮ್ಮನದು ಹೊಗೆ ವಾಸನೆ. ನಾನು ಒಬ್ಬರನ್ನು ಕೇಳಿದರೆ ಇನ್ನೊಬ್ಬರ ಕಿವಿ ಅಲ್ಲೇ ಇರುತ್ತಿತ್ತು.

"ಈ ತಿಂಗಳು ಕೆಲಸಕ್ಕೆ ಎಷ್ಟು ದಿನ ಹೋದ್ರಿ ಸಾಕಮ್ಮ?"

"ಒಸಿ ಕಮ್ಮಿ ಕಣ್ ಸಾ. ಜರ ಬಂದಿತ್ತು."

"ಜರ ಬಂದಿದ್ದು ನಂಗೆ ಗೊತ್ತೇ ಇಲ್ವಲ್ಲ ಸಾ" ಎಂದು ಗೌಡರು ನನ್ನ ಕಡೆ ತಿರುಗಿ ಅನ್ನುವರು.

"ಗೊತ್ತಾಗೋಕೆ ಒಳೀಕ್ ಬರ್ಬೇಕಲ್ಲ ಸಾ" ಎಂದು ಸಾಕಮ್ಮ ನನಗೇ ಹೇಳುವರು.

ನಾನು ಇಲ್ಲದಿದ್ದರೆ ಆ ಮನೆಯಲ್ಲಿ ಮಾತೇ ಇಲ್ಲ ಎಂಬುದು ನಿಧಾನವಾಗಿ ಹೊಳೆಯಿತು. ಫಾರಂನಲ್ಲಿ ಇನ್ನೊಂದು ಪ್ರಶ್ನೆಯಿತ್ತು: ಬೇರೆ ಮನೆಯಿಂದ ಬಂದದ್ದೇನು, ಬೇರೆ ಮನೆಗೆ ಕೊಟ್ಟದ್ದೇನು. ಬಂಧುಗಳು ಕಳಿಸಿದ ಅಕ್ಕಿ ಬೇಳೆಯೂ ವರಮಾನವೇ, ಅದಕ್ಕೆ ಆ ಪ್ರಶ್ನೆ. ಆಯುಧಪೂಜೆಯ ಹಿಂದಿನ ವಾರ ಹೋದಾಗ ಸಾಕಮ್ಮ, "ಬರ್ಕಳಿ, ಆ ಒಲೆಯಿಂದ ಒಂದು ಹೊರೆ ಸೌದೆ. ನಾನೇನು ಕೇಳಿರ್ಲಿಲ್ಲ" ಅಂದರು. "ಕೇಳ್ದೆ ಇದ್ರೂ ಕೊಟ್ಟವ್ನೆ ಅಂತ ಬರ್ಕಳಿ ಸಾ" ಅಂದರು ಗೌಡರು. ನಾನು ಎರಡೂ ಫಾರಂನಲ್ಲಿ ಗಂಭೀರವಾಗಿ ಸೌದೆ ಬರೆದೆ. ಆಫೀಸಿನಲ್ಲಿ ಮೇಡಂ ಅದನ್ನು ನೋಡಿ ಮೂಗಿನೊಳಗೇ ನಕ್ಕರು, ಆದರೆ ಹೊಡೆದುಹಾಕಲಿಲ್ಲ.

ಆ ದಸರಾಕ್ಕೆ ಮೆಸ್ಸಿನ ಭಟ್ಟರು ಊರಿಗೆ ಹೋದರು. ಆಫೀಸಿನವರೆಲ್ಲ ಅವರವರ ಮನೆಗೆ ಹೋದರು. ದೀಪದಲಂಕಾರ ನೋಡಲು ಬಂದ ಜನರ ನೂಕುನುಗ್ಗಲಿನಲ್ಲಿ ನಾನೊಬ್ಬನೇ ಅರಸು ರಸ್ತೆಯ ಉದ್ದಕ್ಕೂ ನಡೆದೆ. ಹೆಗಲ ಮೇಲೆ ಮಗು ಹೊತ್ತವರು, ಪುರಿ ಪೊಟ್ಟಣ ಹಿಡಿದು ಜಗಳವಾಡುವ ಗಂಡ ಹೆಂಡಿರು. ಆ ಗದ್ದಲದಲ್ಲಿ ನನಗೆ ನೆನಪಾದದ್ದು ಮಠವಲ್ಲ, ಅಪ್ಪನಲ್ಲ, ಕಡಕೊಳದ ಆ ಜಗುಲಿ. ಮುಂದಿನ ಸಲ ಹೋಗಲು ಇನ್ನೂ ಎಷ್ಟು ದಿನವಿದೆ ಎಂದು ಯೋಚಿಸುತ್ತಿದ್ದೆ. ಸಂಬಳಕ್ಕೆ ಮಾಡುವ ಕೆಲಸವನ್ನು ಹೀಗೆ ಕಾಯುವ ಗತಿ ಬಂತಲ್ಲ ಎಂದು ನಾಚಿಕೆಯಾಯಿತು, ಅಳುವೂ ಬಂತು.

ಇಬ್ಬನಿ ಬೀಳುವ ಕಾಲಕ್ಕೆ ಗೌಡರು ಕಾಲು ಉಳುಕಿಸಿಕೊಂಡರು. ಆ ತಿಂಗಳು ಅವರ ಫಾರಂನಲ್ಲಿ, "ಆ ಒಲೆಯಿಂದ ಉರುಳಿಕಾಳು ಬಸ್ಸಾರು, ಮುದ್ದೆ" ಎಂದು ಬರೆಸಿದರು. ದನಿ ತಗ್ಗಿಸಿ, "ಬಾಗಿಲ ತಾವ ಮಡಗಿ ಓದ್ಲು ಸಾ" ಅಂದರು. ಒಲೆ ಎಷ್ಟು ಎಂಬ ಪ್ರಶ್ನೆಯನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡು ಕೇಳಿದೆ. ಗೌಡರು ನೆಲ ನೋಡಿದರು. ಸಾಕಮ್ಮ ಹೊಸ್ತಿಲ ಮೇಲಿನ ಹುಲ್ಲುಕಡ್ಡಿ ಎತ್ತಿ ಎಸೆದು, "ಎರಡೇ" ಅಂದರು.

ಸುಗ್ಗಿ ಬಂತು, ಕೆಲಸ ಮುಗಿಯಿತು. ಕೊನೆಯ ಸಲ ಹೋದಾಗಲೂ ಎರಡೇ. ಇನ್ನು ನಾನು ಬರುವುದಿಲ್ಲ ಎಂದು ಹೇಳಿದೆ. ಸಾಕಮ್ಮ ಎಳ್ಳುಬೆಲ್ಲದ ಪೊಟ್ಟಣ ಕೈಗಿಟ್ಟು ಒಳಗೆ ಹೋದರು. ಬಸ್‌ಸ್ಟಾಪಿನಲ್ಲಿ ಗೌಡರು ನನ್ನ ಕೈ ಹಿಡಿದುಕೊಂಡು ಬಿಡಲಿಲ್ಲ.

"ಇನ್ಮ್ಯಾಕೆ ಯಾರ್ ಸಾ ಕೇಳೋರು ನಮ್ಮನ್ನ?"

ಬಸ್ಸು ಬಂತು.

ಆಫೀಸಿನಲ್ಲಿ ಎಲ್ಲ ಮನೆಗಳನ್ನೂ ಸಾಲಾಗಿ ನಿಲ್ಲಿಸಿ ನೋಡಿದಾಗ ನಡುವಿನ ಮನೆಯ ವರಮಾನ ನಾವೆಣಿಸಿದಷ್ಟು ಏರಿರಲಿಲ್ಲ. ಕಾರ್ಖಾನೆ ಬಂದಿದೆ, ಹಾಲಿನ ಡೈರಿ ಬಂದಿದೆ, ಆದರೂ ಯಾಕೆ ಹೀಗೆ ಎಂದು ಎಲ್ಲರೂ ತಲೆ ಕೆರೆದುಕೊಂಡರು. ಮೇಡಂ ಪಟ್ಟಿಯನ್ನು ಬಹಳ ಹೊತ್ತು ನೋಡಿ, "ಯಾರೂ ಬಡವರಾಗಿಲ್ಲ ಕಣಪ್ಪ, ಒಲೆ ಜಾಸ್ತಿಯಾಗಿವೆ" ಅಂದರು. ಹೊಸ ಸಂಬಳವೇನೂ ಬಾರದೆ ಒಂದು ವರಮಾನ ಎರಡು ಒಲೆಗೆ ಹಂಚಿಹೋದರೆ ಇಬ್ಬರೂ ಸಾಲಿನಲ್ಲಿ ಕೆಳಗಿಳಿಯುತ್ತಾರೆ. ಹಾಗೆ ಎಷ್ಟೋ ಮನೆಗಳು ಒಡೆದಿದ್ದವು. ವರದಿಯಲ್ಲಿ ಅದಕ್ಕೊಂದು ಪುಟ ಬರೆದರು. ನನ್ನನ್ನು ಮುಂದಿನ ಕೆಲಸಕ್ಕೆ ರಾಯಚೂರಿನ ಕಡೆ ಹಾಕಿದರು.

ಹೊರಡುವ ಮುಂಚಿನ ಭಾನುವಾರ ಬೆಳಿಗ್ಗೆ ಎದ್ದವನೇ ಸಬರ್ಬನ್ ಬಸ್‌ಸ್ಟ್ಯಾಂಡಿಗೆ ಹೋಗಿ ನಂಜನಗೂಡಿನ ಬಸ್ಸು ಹತ್ತಿದೆ. ಕೈಯಲ್ಲಿ ಫಾರಂ ಇಲ್ಲ, ಹೆಗಲಲ್ಲಿ ಚೀಲವಿಲ್ಲ. ಬಿಸಿಲು ಏರತೊಡಗಿತ್ತು. ಗೌಡರು ಜಗುಲಿಯ ಆ ತುದಿಯಲ್ಲಿ ಬೀಡಿ ಸೇದುತ್ತಿದ್ದರು, ನನ್ನನ್ನು ಕಂಡು ಅದನ್ನು ಆರಿಸಿ ಎದ್ದು ನಿಂತರು. ಸಾಕಮ್ಮ ಹೊರಬಂದರು.

"ಇದೇನ್ ಸಾ, ಕೈ ಬೀಸ್ಕೊಂಡು ಬಂದ್ರಿ? ಕಾಗ್ದ ಎಲ್ಲಿ?"

"ಕೆಲಸ ಮುಗೀತಲ್ಲಮ್ಮ. ಸುಮ್ನೆ ಕೇಳ್ಕೊಂಡು ಹೋಗೋಣ ಅಂತ ಬಂದೆ."

ಆಕೆ ನನ್ನ ಮುಖವನ್ನೇ ನೋಡಿದರು. ಬಳಿಕ ಸೆರಗಿನಿಂದ ಜಗುಲಿ ಒರೆಸಿ, ಹೊಸ್ತಿಲ ಮೇಲೆ ತಮ್ಮ ಜಾಗದಲ್ಲಿ ಕೂತು, "ಕೇಳಿ ಮತ್ತೆ" ಅಂದರು.

ಕೇಳಿದೆ. ಕೂಲಿ ಎಷ್ಟು ದಿನ, ಹಸು ಹಾಲು ಕೊಡುತ್ತಿದೆಯಾ, ತೆಂಗಿನ ಸಸಿ ಹಿಡಿದವಾ. ಎಲ್ಲವೂ ಬಾಯಿಪಾಠವಾಗಿತ್ತು. ಎಲ್ಲಕ್ಕೂ ಇಬ್ಬರೂ ಹಿಂದಿನಂತೆಯೇ ಉತ್ತರ ಹೇಳಿದರು. ಈ ಸಲ ಕಾಫಿ ಒಂದೇ ಬಂತು, ಹೊಗೆ ವಾಸನೆಯದು, ಮೂರು ಲೋಟದಲ್ಲಿ. ಲೋಟ ಕೆಳಗಿಟ್ಟು ಕೊನೆಯದನ್ನು ಕೇಳಿದೆ: "ಮನೇಲಿ ಒಲೆ ಎಷ್ಟು ಸಾಕಮ್ಮ?"

ಸಾಕಮ್ಮ ಮೂರೂ ಲೋಟಗಳನ್ನು ಒಂದರೊಳಗೊಂದು ಇಟ್ಟರು.

"ನೀವು ಬಂದ್ ದಿಸ ಒಂದು" ಅಂದರು. "ಮಿಕ್ಕಿದ್ ದಿಸ ಎರಡು."

ರಾಯಚೂರಿನ ವಿಷಯ ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಲಾಗಲಿಲ್ಲ.

ಗೌಡರು ತಲೆಯೆತ್ತಿದರು. ನನ್ನ ಕಡೆ ನೋಡಲಿಲ್ಲ. ನೇರವಾಗಿ ಹೆಂಡತಿಯ ಕಡೆ ತಿರುಗಿ, "ಅಂಗಾರೆ ಇವರ್ನ ಇಲ್ಲೇ ಮಡೀಕೊಂಬುಡವಾ ಕಣಮ್ಮಿ" ಅಂದರು.

"ಮಡೀಕಳಿ. ನಾನೇನ್ ಬ್ಯಾಡ ಅಂದ್ನಾ?"

ಅದನ್ನು ಸಾಕಮ್ಮ ಹೇಳಿದ್ದು ನನಗಲ್ಲ, ಗಂಡನಿಗೆ. ಹೇಳಿದ ಮೇಲೆ ಅವರಿಗೇ ಅದು ಗೊತ್ತಾಗಿ ಮುಖ ಅತ್ತ ತಿರುಗಿಸಿಕೊಂಡರು. ನಾನು ನಕ್ಕೆ. ನಗುತ್ತಲೇ ಕಣ್ಣು ತುಂಬಿಕೊಂಡಿತು. ನನ್ನನ್ನು ಮನೆಯಲ್ಲಿ ಇಟ್ಟುಕೊಳ್ಳೋಣ ಎಂದು ಅದುವರೆಗೆ ಯಾರೂ ಯಾರಿಗೂ ಹೇಳಿರಲಿಲ್ಲ, ತಮಾಷೆಗೂ ಹೇಳಿರಲಿಲ್ಲ.

ಮೂವರೂ ಒಳಗೆ ಕೂತು ಮುದ್ದೆ ಉಂಡೆವು. ಹೊರಟಾಗ ಗೌಡರು ಎಂದಿನಂತೆ ಬಸ್‌ಸ್ಟಾಪಿನವರೆಗೆ ಬರಲಿಲ್ಲ. ಬೀದಿಯ ತಿರುವಿನಲ್ಲಿ ಹಿಂದಿರುಗಿ ನೋಡಿದರೆ ಇಬ್ಬರೂ ಬಾಗಿಲಲ್ಲಿ ನಿಂತು ವಾದ ಮಾಡುತ್ತಿದ್ದರು. ತೆಂಗಿನ ಸಸಿಗಳ ನಡುವೆ ಒಂದೆರಡು ಸಾಲು ಸೊಪ್ಪು ಹಾಕಬಹುದೋ ಇಲ್ಲವೋ ಎಂಬ ಮಾತು ಗಾಳಿಯಲ್ಲಿ ತೇಲಿಬಂತು. ನಾನು ಅಲ್ಲಿರುವುದನ್ನು ಇಬ್ಬರೂ ಮರೆತಿದ್ದರು. ಅವರ ದನಿ ಕೇಳಿಸದಷ್ಟು ದೂರವಾಗುವವರೆಗೂ ಆದಷ್ಟು ನಿಧಾನವಾಗಿ ನಡೆದೆ.